ಮೆಡಿಟರೇನಿಯನ್ ತೀರದಲ್ಲಿ ಕ್ಯಾಂಪಿಂಗ್: ಕೋಸ್ಟಾ ಬ್ರಾವಾ, ಲ್ಯಾಂಗ್ವೆಡಾಕ್, ಕವಲ್ಲಿನೊ, ಇಸ್ತ್ರಿಯಾ – ನಿಮಗೆ ಯಾವುದು ಸರಿ?

ಫೆಬ್ರವರಿ ಬಂತೆಂದರೆ ಯುರೋಪಿನಲ್ಲಿರುವ ಕನ್ನಡದ ಮನೆಗಳಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಬೇಸಿಗೆ ರಜೆಗೆ ಎಲ್ಲಿಗೆ ಹೋಗೋಣ? ಮಕ್ಕಳಿಗೆ ಸಮುದ್ರ ಬೇಕು. ಹೋಟೆಲ್ ದುಬಾರಿ. ಅಡುಗೆ ನಾವೇ ಮಾಡಿಕೊಳ್ಳುವಂತಿರಬೇಕು. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರಿಗೂ ಹೊಂದಬೇಕು. ಇಷ್ಟನ್ನೂ ಒಟ್ಟಿಗೆ ಕೇಳಿದರೆ ಮೆಡಿಟರೇನಿಯನ್ ತೀರದ ಕ್ಯಾಂಪಿಂಗ್‌ಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. ಇಲ್ಲಿ ಕ್ಯಾಂಪಿಂಗ್ ಅಂದರೆ ಟೆಂಟ್ ಹಾಕಲು ಜಾಗ ಅಥವಾ ಪುಟ್ಟ ಮನೆ ಬಾಡಿಗೆಗೆ ಕೊಡುವ ತಾಣಕ್ಕೂ ಅದೇ ಹೆಸರು.

ಆದರೆ ಯಾವ ತೀರ? ವೆಬ್‌ಸೈಟ್ ತೆರೆದರೆ ಎಲ್ಲ ಕಡೆಯೂ ಅದೇ ನೀಲಿ ನೀರು, ಅದೇ ಪೈನ್ ಮರ, ಜಾರುಬಂಡೆ ಇರುವ ಅದೇ ಈಜುಕೊಳ. ಫೋಟೊದಲ್ಲಿ ಕಾಣದ ಎರಡು ವಿಷಯ ಇವೆ, ರಜೆ ಚೆನ್ನಾಗಾಗುವುದು ಕೆಡುವುದು ಅವುಗಳಿಂದಲೇ. ಒಂದು, ಕಾಲ ಕೆಳಗಿನ ನೆಲ. ಇನ್ನೊಂದು, ಅಲ್ಲಿ ಬೀಸುವ ಗಾಳಿ. ನೆಲ ನೋಡಿ, ಗಾಳಿ ವಿಚಾರಿಸಿ, ಆಮೇಲೆ ಈಜುಕೊಳ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹೋಲಿಕೆಗೆ ನಾಲ್ಕು ತೀರ ತೆಗೆದುಕೊಂಡಿದ್ದೇನೆ. ಸ್ಪೇನಿನ ಕ್ಯಾಟಲೋನಿಯಾದಲ್ಲಿರುವ ಕೋಸ್ಟಾ ಬ್ರಾವಾ, ದಕ್ಷಿಣ ಫ್ರಾನ್ಸಿನ ಲ್ಯಾಂಗ್ವೆಡಾಕ್ (ಪಕ್ಕದ ರೂಸಿಯೋನ್ ಪ್ರದೇಶವನ್ನೂ ಸೇರಿಸಿ), ಇಟಲಿಯಲ್ಲಿ ವೆನಿಸ್ ಪಕ್ಕದ ಕವಲ್ಲಿನೊ, ಮತ್ತೆ ಕ್ರೊಯೇಷಿಯಾದ ಇಸ್ತ್ರಿಯಾ. ಕೊನೆಯ ಎರಡು ಏಡ್ರಿಯಾಟಿಕ್ ಮೇಲಿವೆ, ಅದೂ ಮೆಡಿಟರೇನಿಯನ್ನಿನ ಒಂದು ತೋಳೇ. ಗ್ರೀಸ್ ತುಂಬ ಚೆಂದ, ಸಿಥೋನಿಯಾ ಕಡೆಯ ಸಣ್ಣ ಕುಟುಂಬದವರ ಕ್ಯಾಂಪಿಂಗ್‌ಗಳಂತೂ ಬಹಳ ಹಿತ. ಆದರೆ ಮನೆಯಿಂದ ಕಾರಿನಲ್ಲಿ ಟೆಂಟ್ ಹಾಕಿಕೊಂಡು ಹೋಗುವವರಿಗೆ ತೀರ ದೂರ, ಹಾಗಾಗಿ ಇಲ್ಲಿ ಬಿಟ್ಟಿದ್ದೇನೆ.

ಮರಳು ಬೇಕೋ, ಬಂಡೆ ಬೇಕೋ

ಐದು ವರ್ಷದೊಳಗಿನ ಮಕ್ಕಳಿದ್ದರೆ ಮರಳು. ಇದರಲ್ಲಿ ಎರಡನೇ ಮಾತಿಲ್ಲ.

ಮರಳಿನಲ್ಲಿ ಎಲ್ಲಕ್ಕಿಂತ ಸುಲಭದ್ದು ಕವಲ್ಲಿನೊ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ವೆನಿಸ್‌ನ ಹಿನ್ನೀರು, ನಡುವೆ ತೆಳ್ಳಗಿನ ಪಟ್ಟಿಯಂಥ ನೆಲ. ಸಮುದ್ರದ ಬದಿಗೆ ಉದ್ದಕ್ಕೂ ಒಂದರ ಪಕ್ಕ ಒಂದು ಕ್ಯಾಂಪಿಂಗ್. ಮರಳು ಹಿಟ್ಟಿನಷ್ಟು ನಯ. ನೀರಿಗಿಳಿದು ತುಂಬ ದೂರ ನಡೆದರೂ ದೊಡ್ಡವರಿಗೆ ಸೊಂಟದ ತನಕವೇ ಬರುತ್ತದೆ. ಮಲ್ಪೆ, ಮುರುಡೇಶ್ವರದ ಅಲೆ ನೋಡಿ ಬೆಳೆದವರಿಗೆ ಇದು ಸಮುದ್ರವೇ ಅನಿಸದಿರಬಹುದು. ಮೆಡಿಟರೇನಿಯನ್ನಿನಲ್ಲಿ ಭರತ ಇಳಿತ ಬಹಳ ಕಡಿಮೆ, ಆದರೆ ವೆನಿಸ್ ಸುತ್ತಿನ ಈ ಮೂಲೆಯಲ್ಲಿ ಸ್ವಲ್ಪ ಜಾಸ್ತಿ, ಹಾಗಾಗಿ ಚಾಪೆಯನ್ನು ನೀರಿನ ಅಂಚಿನಿಂದ ದೂರ ಹಾಸಿ. ಆದರೆ ನೀರು ಗಾಜಿನ ಹಾಗಿರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ. ಪಿಯಾವೆ, ಸಿಲೆ ನದಿಗಳು ಅಲ್ಲೇ ಸಮುದ್ರ ಸೇರುತ್ತವೆ. ಮರಳು ಕಲಕಿದ ನೀರು, ಸ್ವಚ್ಛವಾಗಿದ್ದರೂ ತಳ ಕಾಣುವುದಿಲ್ಲ. ಮಾಸ್ಕ್ ಹಾಕಿ ಮೀನು ನೋಡುವವರಿಗೆ ಇಲ್ಲಿ ಏನೂ ಇಲ್ಲ.

ಕವಲ್ಲಿನೊದ ದೊಡ್ಡ ಲಾಭ ವೆನಿಸ್. ಕವಲ್ಲಿನೊದ ತುದಿಯ ಪುಂತಾ ಸಬ್ಬಿಯೋನಿಯಿಂದ ದೋಣಿ ಹತ್ತಿದರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ವೆನಿಸ್ ನಡುವಿನ ಸಾನ್ ಮಾರ್ಕೊ ಚೌಕದ ಹತ್ತಿರ ಇಳಿಯಬಹುದು. ವೆನಿಸ್‌ನಲ್ಲಿ ಹೋಟೆಲ್ ಬಾಡಿಗೆ ಕೊಡದೆ ವೆನಿಸ್ ನೋಡುವುದಕ್ಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. 2024ರಿಂದ ವರ್ಷದ ಕೆಲವು ದಿನಗಳಲ್ಲಿ ಹಗಲಿಗೆ ಬಂದು ಹೋಗುವವರಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳುತ್ತಾರೆ. ಹೋಗುವ ದಿನ ಆ ಪಟ್ಟಿಯಲ್ಲಿದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಲ್ಯಾಂಗ್ವೆಡಾಕ್ ಕೂಡ ಮರಳೇ, ಆದರೆ ಬೇರೆ ಸ್ವಭಾವ. ಕಮಾರ್ಗ್‌ನಿಂದ ಪಿರೆನೀಸ್ ಬೆಟ್ಟದ ಬುಡದವರೆಗೆ ಉದ್ದುದ್ದ ಅಗಲದ ಬೀಚುಗಳು. ಹಿಂದೆ ಸಾಲು ಸಾಲು ಹಿನ್ನೀರಿನ ಕೆರೆಗಳು, ಅಂದರೆ ಸಂಜೆಗೆ ಸೊಳ್ಳೆ. ಇಲ್ಲಿ ನಾನು ಒಂದೇ ಊರು ಹೆಸರಿಸಬೇಕೆಂದರೆ ಆರ್ಜಲೆಸ್-ಸುರ್-ಮೇರ್. ಆ ಊರೇ ಕ್ಯಾಂಪಿಂಗ್‌ಗಳ ಮೇಲೆ ಬದುಕುತ್ತದೆ. ದೊಡ್ಡದು, ಸಣ್ಣದು, ಗದ್ದಲದ್ದು, ಮರದ ನೆರಳಿನದು ಎಲ್ಲ ಬಗೆ ಸಿಗುತ್ತದೆ. ನೂರಾರು ಕಿಲೋಮೀಟರ್ ಬಂದ ಮರಳು ಇಲ್ಲಿಯ ರಾಕು ಬೀಚಿಗೆ ಮುಗಿಯುತ್ತದೆ, ಅಲ್ಲಿಂದ ಕೊಲಿಯೂರ್ ಕಡೆಗೆ ಬಂಡೆಯ ತೀರ ಶುರು. ಮಕ್ಕಳು ಮರಳಲ್ಲಿ ಆಡಲಿ, ದೊಡ್ಡವರು ಬೆಳಿಗ್ಗೆ ಬೇಗ ಎದ್ದು ಬಂಡೆ ಕಡೆ ನಡೆಯಲಿ, ಎರಡೂ ಒಂದೇ ಊರಲ್ಲಿ ಆಗುತ್ತದೆ.

ಇಸ್ತ್ರಿಯಾಕ್ಕೆ ಬಂದರೆ ಎಲ್ಲ ತಲೆಕೆಳಗು. ರೋವಿನ್ಯ್, ಪೊರೆಚ್, ವ್ರ್ಸಾರ್ ಸುತ್ತ ಸುಣ್ಣಕಲ್ಲಿನ ತೀರ. ಹಾಸುಬಂಡೆ, ಉರುಟು ಕಲ್ಲು, ನೀರಿಗಿಳಿಯಲು ಅಲ್ಲಲ್ಲಿ ಕಾಂಕ್ರೀಟ್ ಕಟ್ಟೆ ಮತ್ತು ಉಕ್ಕಿನ ಏಣಿ. ಮರಳಿಲ್ಲದ್ದರಿಂದ ನೀರು ಕಲಕುವುದಿಲ್ಲ. ಕಟ್ಟೆಯ ಮೇಲೆ ನಿಂತರೆ ಆಳದಲ್ಲಿ ಮೀನು ತಿರುಗುವುದು ಕಾಣುತ್ತದೆ. ಈಜು ಬಲ್ಲವರಿಗೆ ಈ ನಾಲ್ಕರಲ್ಲಿ ಇದಕ್ಕೆ ಸಾಟಿ ಇಲ್ಲ. ಕಲ್ಲುಗಳ ನಡುವೆ ಮೈಯೆಲ್ಲ ಮುಳ್ಳಿರುವ ಸೀ ಅರ್ಚಿನ್ ಕೂತಿರುತ್ತವೆ. ತುಳಿದರೆ ಮುಳ್ಳು ಒಳಗೇ ಮುರಿಯುತ್ತದೆ, ಪಿನ್ ಹಿಡಿದು ಕೂರಬೇಕು. ಹಾಗಾಗಿ ಮನೆಯವರೆಲ್ಲರಿಗೂ ರಬ್ಬರ್ ಅಡಿಯ ವಾಟರ್ ಶೂ ಬೇಕೇ ಬೇಕು.

ಇಸ್ತ್ರಿಯಾದ ಬಗ್ಗೆ ಇನ್ನೊಂದು ಮಾತು ಮುಂಚೆಯೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿ ಬಟ್ಟೆಯಿಲ್ಲದೆ ಬಿಸಿಲು ಕಾಯುವ ಕ್ಯಾಂಪಿಂಗ್‌ಗಳ ಪದ್ಧತಿ ಹಳೆಯದು. ವ್ರ್ಸಾರ್ ಪಕ್ಕದ ಕೊವೆರ್ಸಾದಾ 1961ರಿಂದ ಇದೆ. ಬುಕಿಂಗ್ ಪುಟದಲ್ಲಿ ‘ಎಫ್‌ಕೆಕೆ’ ಅಥವಾ ‘ನ್ಯಾಚುರಿಸ್ಟ್’ ಅಂತ ಕಂಡರೆ ಅರ್ಥ ಅದೇ. ಫ್ರಾನ್ಸಿನ ಕ್ಯಾಪ್ ದಾಗ್ಡ್‌ನಲ್ಲೂ ಅಂಥದ್ದೇ ದೊಡ್ಡ ಬಡಾವಣೆ ಇದೆ. ಅಪ್ಪ ಅಮ್ಮನ ಜೊತೆ ಹೋಗುವವರು ಈ ಒಂದು ಸಾಲನ್ನು ಓದಿಯೇ ಹಣ ಕಟ್ಟಿ.

ಕೋಸ್ಟಾ ಬ್ರಾವಾದಲ್ಲಿ ಎರಡೂ ಇದೆ. ಬ್ಲಾನೆಸ್‌ನಿಂದ ಫ್ರಾನ್ಸಿನ ಗಡಿಯವರೆಗಿನ ಈ ತೀರದಲ್ಲಿ ಉತ್ತರಕ್ಕೆ ರೋಸೆಸ್ ಕೊಲ್ಲಿ, ಅಲ್ಲಿ ಸಂತ್ ಪೆರೆ ಪೆಸ್ಕಾದೋರ್ ಸುತ್ತ ಉದ್ದ ಮರಳು, ಪಕ್ಕದಲ್ಲೇ ಹಕ್ಕಿಗಳ ಜೌಗು ಕಾಡು. ನಡುವೆ ಬೆಗೂರ್, ಪಲಾಫ್ರುಜೆಲ್ ಕಡೆ ಬೆಟ್ಟ ನೇರ ಸಮುದ್ರಕ್ಕೆ ಇಳಿದು ಪುಟ್ಟ ಪುಟ್ಟ ಕೊಲ್ಲಿಗಳು. ಒಂದು ಕೊಲ್ಲಿಯಿಂದ ಇನ್ನೊಂದಕ್ಕೆ ‘ಕಾಮಿ ದೆ ರೊಂಡಾ’ ಎಂಬ ಕಾಲುದಾರಿ ಇದೆ, ಹಿಂದೆ ಕಳ್ಳಸಾಗಣೆ ತಡೆಯಲು ಕಾವಲಿನವರು ಗಸ್ತು ತಿರುಗುತ್ತಿದ್ದ ದಾರಿ. ಎಸ್ತಾರ್ತಿತ್ ಎದುರಿನ ಮೆದೆಸ್ ದ್ವೀಪಗಳ ಸುತ್ತ ಮೀನು ಹಿಡಿಯುವ ಹಾಗಿಲ್ಲ, ಹಾಗಾಗಿ ಅಲ್ಲಿಯ ಸಮುದ್ರದ ತಳ ತುಂಬಿ ತುಳುಕುತ್ತದೆ. ಮಳೆ ಮೋಡ ಬಂದ ದಿನ ಮಾಡುವುದಕ್ಕೂ ಕೆಲಸ ಇದೆ. ಎಂಪೂರಿಯೆಸ್‌ನಲ್ಲಿ ಗ್ರೀಕ್ ಮತ್ತು ರೋಮನ್ ಊರುಗಳ ಅವಶೇಷ, ಫಿಗೇರೆಸ್‌ನಲ್ಲಿ ಚಿತ್ರಕಾರ ಡಾಲಿಯ ಮ್ಯೂಸಿಯಂ, ಒಳನಾಡಿಗೆ ಹೋದರೆ ಜಿರೋನಾ. ಮೊದಲ ಸಲ ಹೋಗುವವರಿಗೆ, ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಆಸೆ ಇದ್ದರೆ, ನನ್ನ ಓಟು ಕೋಸ್ಟಾ ಬ್ರಾವಾಕ್ಕೇ.

ಗಾಳಿಯ ವಿಷಯ ಯಾರೂ ಹೇಳುವುದಿಲ್ಲ

ನಮ್ಮ ಕಡೆ ಗಾಳಿ ಜೋರಾದರೆ ಮೋಡ ಕವಿಯುತ್ತದೆ, ಮಳೆ ಬರುತ್ತದೆ. ಇಲ್ಲಿ ಹಾಗಲ್ಲ. ಆಕಾಶ ತೊಳೆದಿಟ್ಟಂತೆ ನೀಲಿ, ಬಿಸಿಲು ಚುರುಚುರು, ಆದರೆ ಟೆಂಟ್ ನಿಲ್ಲುವುದಿಲ್ಲ. ಲ್ಯಾಂಗ್ವೆಡಾಕ್‌ನಲ್ಲಿ ‘ಟ್ರಾಮೊಂಟಾನ್’, ಗಡಿಯಾಚೆ ಕೋಸ್ಟಾ ಬ್ರಾವಾದಲ್ಲಿ ‘ಟ್ರಾಮುಂಟಾನಾ’ ಎನ್ನುವುದು ಈ ಗಾಳಿಗೇ. ಒಂದು ಕಡೆ ಪಿರೆನೀಸ್, ಇನ್ನೊಂದು ಕಡೆ ಮಧ್ಯ ಫ್ರಾನ್ಸಿನ ಬೆಟ್ಟಸಾಲು, ಇವೆರಡರ ನಡುವೆ ತಣ್ಣನೆ ಗಾಳಿ ಸಂದಿಯಲ್ಲಿ ನುಗ್ಗಿದಂತೆ ನುಗ್ಗಿ ಸಮುದ್ರದ ಕಡೆ ಓಡುತ್ತದೆ. ಒಂದೆರಡು ದಿನ ಬಿಡದೆ ಬೀಸುವುದು ಸಾಮಾನ್ಯ. ಕೋಸ್ಟಾ ಬ್ರಾವಾ ಹಿಂದಿನ ಎಂಪೊರ್ದಾ ಬಯಲಿನಲ್ಲಿ ಹೊಲಗಳ ಅಂಚಿಗೆ ಸೈಪ್ರೆಸ್ ಮರಗಳ ಗೋಡೆ ಕಾಣುತ್ತದಲ್ಲ, ಅದು ಅಂದಕ್ಕೆ ನೆಟ್ಟಿದ್ದಲ್ಲ. ಈ ಗಾಳಿಯನ್ನು ತಡೆಯುವುದಕ್ಕೆ ನೆಟ್ಟಿದ್ದು.

ಗಾಳಿ ಇನ್ನೊಂದು ಕೆಲಸ ಮಾಡುತ್ತದೆ. ನೆಲದಿಂದ ಸಮುದ್ರದ ಕಡೆ ಬೀಸುವುದರಿಂದ ಮೇಲಿನ ಬೆಚ್ಚಗಿನ ನೀರನ್ನು ಆಚೆ ತಳ್ಳುತ್ತದೆ, ಕೆಳಗಿನ ತಣ್ಣನೆ ನೀರು ಮೇಲೆ ಬರುತ್ತದೆ. ನಿನ್ನೆ ಹಾಯಾಗಿದ್ದ ಲ್ಯಾಂಗ್ವೆಡಾಕ್ ನೀರು ಇವತ್ತು ಕಾಲಿಟ್ಟರೆ ಜುಮ್ ಎನ್ನುತ್ತದೆ. ಅದೇ ಗಾಳಿ ಗಾಳಿ ತುಂಬಿದ ಆಟದ ದೋಣಿ, ಚಾಪೆಗಳನ್ನೂ ಆಚೆ ಎಳೆದೊಯ್ಯುತ್ತದೆ. ಆ ದಿನ ಮಕ್ಕಳ ಕೈಗೆ ಅವನ್ನು ಕೊಡಲೇಬೇಡಿ.

ಹವಾಮಾನದ ಆ್ಯಪ್‌ನಲ್ಲಿ ಸೂರ್ಯನ ಚಿತ್ರ ನೋಡಿ ಸಮಾಧಾನ ಪಡಬೇಡಿ, ಗಾಳಿಯ ಅಂಕಿ ನೋಡಿ. ಗಂಟೆಗೆ 50 ಕಿ.ಮೀ. ದಾಟುವ ಸೂಚನೆ ಇದ್ದರೆ ಟೆಂಟ್ ಮುಂದಿನ ಚಪ್ಪರದ ಬಟ್ಟೆ ಬಿಚ್ಚಿ ಮಡಚಿಡಿ, ಎಲ್ಲ ಹಗ್ಗ ಎಳೆದು ಕಟ್ಟಿ.

ಇಸ್ತ್ರಿಯಾಕ್ಕೆ ‘ಬುರಾ’ ಎಂಬ ಈಶಾನ್ಯ ಗಾಳಿ ಇದೆ. ಅದರ ಆರ್ಭಟ ಜಾಸ್ತಿ ಇರುವುದು ಇನ್ನೂ ಆಚೆ, ಸೆನ್ಯ್ ಕಡೆಗೆ. ಪಶ್ಚಿಮ ಇಸ್ತ್ರಿಯಾದ ಬೇಸಿಗೆಯಲ್ಲಿ ಅಷ್ಟು ಕಾಟ ಇಲ್ಲ. ಕವಲ್ಲಿನೊದಲ್ಲಿ ಹೆದರಬೇಕಾದ್ದು ಸಂಜೆಯ ಗುಡುಗು ಮಳೆಗೆ, ಆಲ್ಪ್ಸ್ ಕಡೆಯಿಂದ ಕಪ್ಪಾಗಿ ಬಂದು ಗಂಟೆಯೊಳಗೆ ಹೋಗಿಬಿಡುತ್ತದೆ. ಟೆಂಟಿನಲ್ಲಿ ಮಲಗುವವರು, ಗಾಳಿ ಅಂದರೆ ಆಗದವರು, ಈ ಎರಡರಲ್ಲಿ ಒಂದನ್ನು ಆರಿಸಿ.

ಗೂಟದ ವಿಷಯ ಚಿಕ್ಕದು, ಆದರೆ ಮುಖ್ಯ. ಟೆಂಟ್ ಜೊತೆ ಬರುವ ತೆಳು ತಂತಿಯ ಗೂಟ ಈ ಯಾವ ತೀರದಲ್ಲೂ ಸಾಲದು. ಇಸ್ತ್ರಿಯಾದ ಕೆಂಪುಮಣ್ಣಿನ ಕೆಳಗೆ ಕಲ್ಲು, ಅಲ್ಲಿಗೆ ಸುತ್ತಿಗೆಯಲ್ಲಿ ಹೊಡೆಯುವ ದಪ್ಪ ಉಕ್ಕಿನ ಗೂಟ ಬೇಕು. ಮರಳು ನೆಲಕ್ಕೆ ಉದ್ದನೆಯ, ಅಗಲವಾದ ಗೂಟ ಬೇಕು.

ಸ್ವಂತ ಟೆಂಟೋ, ಮೊಬೈಲ್ ಹೋಮೋ

ಇಂಡಿಯಾದಿಂದ ವಿಮಾನದಲ್ಲಿ ಬರುವವರಿಗೆ, ಹಿರಿಯರು ಜೊತೆಗಿರುವವರಿಗೆ ಮೊಬೈಲ್ ಹೋಮೇ ಸರಿ. ಇದು ಕ್ಯಾಂಪಿಂಗ್ ಒಳಗೇ ಇರುವ ಪುಟ್ಟ ಮನೆ. ಅಡುಗೆಮನೆ, ಶವರ್, ಟಾಯ್ಲೆಟ್ ಒಳಗೇ ಇರುತ್ತದೆ. ರಾತ್ರಿ ಎರಡು ಗಂಟೆಗೆ ಅಮ್ಮ ಟಾರ್ಚ್ ಹಿಡಿದು ಸಾಮೂಹಿಕ ಶೌಚಾಲಯದವರೆಗೆ ನಡೆಯಬೇಕಾಗಿಲ್ಲ.

ಆದರೆ ‘ಆರು ಜನರಿಗೆ’ ಅಂತ ಬರೆದದ್ದನ್ನು ಹಾಗೇ ನಂಬಬೇಡಿ. ಬಹಳ ಕಡೆ ಅದರ ಅರ್ಥ ಎರಡು ಕೋಣೆಯಲ್ಲಿ ನಾಲ್ಕು ಜನ, ಊಟದ ಮೇಜಿನ ಸೋಫಾ ಎಳೆದು ಅದರ ಮೇಲೆ ಇನ್ನಿಬ್ಬರು. ಎರಡನೇ ಕೋಣೆಯ ಮಂಚಗಳು 70–80 ಸೆಂಟಿಮೀಟರ್ ಅಗಲ, ಮಕ್ಕಳಿಗೆ ಸರಿ, ಅಪ್ಪನಿಗೆ ಕಷ್ಟ. ನಾಲ್ಕು ದೊಡ್ಡವರು, ಇಬ್ಬರು ಮಕ್ಕಳು ಅಂದರೆ ಮೂರು ಕೋಣೆಯದ್ದನ್ನೇ ಹುಡುಕಿ. ಹಾಸಿಗೆ ಬಟ್ಟೆ, ಟವೆಲ್ ಸಾಮಾನ್ಯವಾಗಿ ಬಾಡಿಗೆಯಲ್ಲಿ ಸೇರಿರುವುದಿಲ್ಲ. ಎಸಿ ಕೆಲವೊಮ್ಮೆ ಬೇರೆ ಲೆಕ್ಕ. ಹೊರಡುವಾಗ ಒರೆಸಿ ಗುಡಿಸಿ ಕೊಡದಿದ್ದರೆ ಡಿಪಾಸಿಟ್ಟಿನಿಂದ ಸ್ವಚ್ಛತೆಯ ಹಣ ಕಡಿತ.

ಸ್ವಂತ ಟೆಂಟ್ ಹಾಕುವವರಿಗೆ ಹಣ ಉಳಿಯುತ್ತದೆ, ಆದರೆ ಆಗಸ್ಟ್‌ನಲ್ಲಿ ಅಂದುಕೊಂಡಷ್ಟಲ್ಲ. ಈಜುಕೊಳ, ಅಂಗಡಿ, ಮಕ್ಕಳ ಆಟ ಎಲ್ಲ ಇರುವ ದೊಡ್ಡ ಕ್ಯಾಂಪಿಂಗ್‌ಗಳಲ್ಲಿ ನಾಲ್ಕು ಜನರ ಕುಟುಂಬಕ್ಕೆ ಬರೀ ಜಾಗಕ್ಕೇ ದಿನಕ್ಕೆ 60–80 ಯೂರೋ ಆಗುವುದುಂಟು. ಅದೇ ಜಾಗ ಜೂನ್ ಮೊದಲರ್ಧದಲ್ಲಿ, ಸೆಪ್ಟೆಂಬರ್‌ನಲ್ಲಿ ಅರ್ಧಕ್ಕಿಳಿಯುತ್ತದೆ. ಶಾಲೆಗೆ ಹೋಗುವ ಮಕ್ಕಳಿಲ್ಲದವರು ಎಸಿಎಸ್ಐ ಕ್ಯಾಂಪಿಂಗ್ ಕಾರ್ಡ್ ಎಂಬ ರಿಯಾಯಿತಿ ಕಾರ್ಡ್ ಕೊಂಡರೆ ಸೀಸನ್ ಅಲ್ಲದ ದಿನಗಳಲ್ಲಿ ಇಬ್ಬರಿಗೆ ನಿಗದಿ ದರ ಸಿಗುತ್ತದೆ. ಫ್ರಾನ್ಸಿನಲ್ಲಿ ಊರಿನ ಪುರಸಭೆಯೇ ನಡೆಸುವ ‘ಕ್ಯಾಂಪಿಂಗ್ ಮುನಿಸಿಪಾಲ್’ ಇನ್ನೂ ಅಗ್ಗ. ಈಜುಕೊಳ ಇರುವುದಿಲ್ಲ, ನೆರಳು ಮತ್ತು ನಿಶ್ಶಬ್ದ ಇರುತ್ತದೆ. ನನಗೆ ಅವೇ ಇಷ್ಟ.

ಅಡುಗೆ: ಕುಕ್ಕರ್ ಕೂಗುವ ಮುಂಚೆ

ಟೆಂಟ್ ಜಾಗದಲ್ಲಿ ಸಿಗುವ ಕರೆಂಟ್ ಮನೆಯ ಹಾಗಲ್ಲ. ಬುಕಿಂಗ್‌ನಲ್ಲಿ 6 ಆಂಪ್ಸ್, 10 ಆಂಪ್ಸ್, 16 ಆಂಪ್ಸ್ ಅಂತ ಬರೆದಿರುತ್ತದೆ. 230 ವೋಲ್ಟ್‌ಗೆ ಗುಣಿಸಿದರೆ 6 ಆಂಪ್ಸ್ ಅಂದರೆ 1380 ವ್ಯಾಟ್ ಮಾತ್ರ. 2000 ವ್ಯಾಟ್ ಇಂಡಕ್ಷನ್ ಒಲೆ ಹಾಕಿದರೆ ಟ್ರಿಪ್ ಆಗುತ್ತದೆ, ಆಮೇಲೆ ಯಾರನ್ನಾದರೂ ಕರೆದು ಪೆಟ್ಟಿಗೆ ತೆರೆಸಬೇಕು. 10 ಆಂಪ್ಸ್ ಇದ್ದರೆ 2300 ವ್ಯಾಟ್, ಒಲೆ ನಡೆಯುತ್ತದೆ, ಆದರೆ ಅದೇ ಹೊತ್ತಿಗೆ ಕೆಟಲ್ ಹಾಕುವಂತಿಲ್ಲ. ಫ್ರಾನ್ಸಿನಲ್ಲಿ 6 ಆಂಪ್ಸ್ ಇನ್ನೂ ಬಹಳ ಕಡೆ ಇದೆ, ಕೇಳಿಕೊಳ್ಳಿ. ಪ್ಲಗ್ ಕೂಡ ಬೇರೆ. ನೀಲಿ ಬಣ್ಣದ, ಮೂರು ಪಿನ್ನಿನ ದುಂಡನೆಯದು. ಅದರ ಅಡಾಪ್ಟರ್ ಮತ್ತು 25 ಮೀಟರ್ ವೈರ್ ಕಾರಿನಲ್ಲಿರಲಿ.

ಹಾಗಾಗಿ ಅನ್ನ ಸಾರಿಗೆ ಗ್ಯಾಸ್ ಒಲೆಯೇ ನಂಬಿಕೆಯದು. ಫ್ರಾನ್ಸ್, ಸ್ಪೇನ್, ಇಟಲಿಯ ಸೂಪರ್ ಮಾರ್ಕೆಟ್‌ಗಳಲ್ಲಿ ಸುಲಭವಾಗಿ ಸಿಗುವುದು ಕ್ಯಾಂಪಿಂಗಾಜ್ ಕಂಪನಿಯ ನೀಲಿ ಡಬ್ಬಿ. ಅದನ್ನು ಒತ್ತಿ ತಿರುಗಿಸಿ ಕೂರಿಸಬೇಕು, ತಿರುಪಿನ ಡಬ್ಬಿಯ ಒಲೆಗೆ ಅದು ಹೊಂದುವುದಿಲ್ಲ. ನಿಮ್ಮ ಒಲೆ ಯಾವುದು ಅಂತ ಹೊರಡುವ ಮುಂಚೆಯೇ ನೋಡಿ. ಗಾಳಿಗೆ ಅಡ್ಡ ತಗಡು ಇಟ್ಟರೆ ಕುಕ್ಕರ್ ಬೇಗ ಕೂಗುತ್ತದೆ, ಆದರೆ ಗ್ಯಾಸ್ ಡಬ್ಬಿಯ ಸುತ್ತ ತಗಡು ಮುಚ್ಚಬೇಡಿ. ಬಿಸಿಗೆ ಡಬ್ಬಿ ಸಿಡಿಯುವ ಅಪಾಯ ಇದೆ. ಅಗಲ ಕಾಲಿನ ಗಟ್ಟಿ ಒಲೆ, ಎರಡು ಮೂರು ಲೀಟರ್ ಕುಕ್ಕರ್, ಅಷ್ಟಿದ್ದರೆ ವಾರ ಕಳೆಯುತ್ತದೆ. ಇದ್ದಿಲಿನ ಒಲೆಯನ್ನು ಬೇಸಿಗೆಯಲ್ಲಿ ಈ ತೀರದ ಬಹುಪಾಲು ಕಡೆ ಟೆಂಟ್ ಪಕ್ಕ ಹಚ್ಚಲು ಬಿಡುವುದಿಲ್ಲ.

ಸಸ್ಯಾಹಾರಿಗಳು ಹೊರಗೆ ತಿನ್ನುವುದಕ್ಕೆ ಕವಲ್ಲಿನೊ ಎಲ್ಲಕ್ಕಿಂತ ಸುಲಭ, ಪಿಜ್ಜಾ ಪಾಸ್ತಾಗೆ ಕೊರತೆ ಇಲ್ಲ. ಕ್ಯಾಟಲೋನಿಯಾದಲ್ಲಿ ‘ಎಸ್ಕಾಲಿವಾದಾ’ ಕೇಳಿ. ಬದನೆಕಾಯಿ, ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಸಿಪ್ಪೆ ತೆಗೆದು ಆಲಿವ್ ಎಣ್ಣೆ ಹಾಕಿರುತ್ತಾರೆ, ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ದೂರದ ನೆಂಟ. ಮೇಲೆ ಆಂಚೊವಿ ಮೀನು ಇಡಬೇಡಿ ಅಂತ ಹೇಳಲು ಮರೆಯಬೇಡಿ. ಇಸ್ತ್ರಿಯಾದಲ್ಲಿ ಸೊಪ್ಪು, ಆಲೂಗಡ್ಡೆ ಬೆಳ್ಳುಳ್ಳಿ ಹಾಕಿದ ‘ಬ್ಲಿತ್ವಾ’ ಸಿಗುತ್ತದೆ.

ಯಾವಾಗ, ಎಲ್ಲಿಂದ

ಜೂನ್‌ನಿಂದ ಆಗಸ್ಟ್ ಲ್ಯಾಂಗ್ವೆಡಾಕ್‌ನಲ್ಲಿ ಒಣ ಕಾಲ, ಕವಲ್ಲಿನೊದಲ್ಲಿ ಆಗಾಗ ಆ ಗುಡುಗು ಮಳೆ ಇದ್ದೇ ಇರುತ್ತದೆ. ಆಗಸ್ಟ್‌ನಲ್ಲಿ ನಾಲ್ಕೂ ಕಡೆ ಸಮುದ್ರದ ನೀರು ಸುಮಾರು 22ರಿಂದ 26 ಡಿಗ್ರಿ. ಜೂನ್ ಮೊದಲ ವಾರದಲ್ಲಾದರೆ ಕವಲ್ಲಿನೊದ ಆಳವಿಲ್ಲದ ನೀರು ಆಗಲೇ ಬೆಚ್ಚಗಾಗಿರುತ್ತದೆ, ಕೋಸ್ಟಾ ಬ್ರಾವಾ ಇನ್ನೂ ತಣ್ಣಗೆ. ಸೆಪ್ಟೆಂಬರ್ ಮೊದಲರ್ಧ ನನ್ನ ಪ್ರಕಾರ ಬಂಗಾರದ ಕಾಲ. ನೀರು ಬೆಚ್ಚಗೆ, ಜನ ಕಡಿಮೆ. ಅದು ದಾಟಿದರೆ ಲ್ಯಾಂಗ್ವೆಡಾಕ್, ಕ್ಯಾಟಲೋನಿಯಾದಲ್ಲಿ ಒಂದೇ ದಿನ ಸುರಿದು ಹಳ್ಳ ತುಂಬಿಸುವ ಮಳೆ ಬರುತ್ತದೆ. ಒಣಗಿದ ಹಳ್ಳದ ಪಾತ್ರದ ಪಕ್ಕದ ಜಾಗ ಕೊಟ್ಟರೆ ಬೇರೆ ಕೇಳಿ. ಆಗಸ್ಟ್ 15ರ ಸುತ್ತಿನ ವಾರ ಇಟಲಿಗೆ ಇಟಲಿಯೇ ಸಮುದ್ರಕ್ಕೆ ಬಂದಿರುತ್ತದೆ, ಆ ವಾರ ಕವಲ್ಲಿನೊ ಬೇಡ.

ದಕ್ಷಿಣ ಜರ್ಮನಿ, ಆಸ್ಟ್ರಿಯಾದವರಿಗೆ ಕವಲ್ಲಿನೊ ಮತ್ತು ಇಸ್ತ್ರಿಯಾ ಒಂದೇ ದಿನದ ದಾರಿ. ಮ್ಯೂನಿಕ್‌ನಿಂದ ಎರಡಕ್ಕೂ ಸುಮಾರು 550 ಕಿ.ಮೀ. ಇಸ್ತ್ರಿಯಾಕ್ಕೆ ಸ್ಲೊವೇನಿಯಾ ಮೇಲೆ ಹೋದರೆ ಅಲ್ಲಿಯ ಹೆದ್ದಾರಿಗೆ ವಿನ್ಯೆಟ್, ಅಂದರೆ ಮೊದಲೇ ಶುಲ್ಕ ಕಟ್ಟಿದ ಪರವಾನಗಿ ಬೇಕು, ಆಸ್ಟ್ರಿಯಾಕ್ಕೂ ಬೇಕು. ನೆದರ್‌ಲ್ಯಾಂಡ್ಸ್, ಬೆಲ್ಜಿಯಂ, ಪ್ಯಾರಿಸ್ ಕಡೆಯವರಿಗೆ ಲ್ಯಾಂಗ್ವೆಡಾಕ್ ಸಹಜ, ಆದರೂ ಆಮ್‌ಸ್ಟರ್‌ಡ್ಯಾಮ್‌ನಿಂದ ಆರ್ಜಲೆಸ್ 1,300 ಕಿ.ಮೀ.ಗೂ ಜಾಸ್ತಿ, ನಡುವೆ ಒಂದು ರಾತ್ರಿ ತಂಗಿ. ವಿಮಾನದಲ್ಲಿ ಬರುವವರಿಗೆ ಕೋಸ್ಟಾ ಬ್ರಾವಾ, ಬಾರ್ಸಿಲೋನಾದಲ್ಲಿ ಇಳಿದು ಕಾರು ಬಾಡಿಗೆಗೆ ತೆಗೆದುಕೊಂಡರೆ ಎರಡು ಗಂಟೆಯೊಳಗೆ ಸಮುದ್ರ.

ನಾಲ್ಕೂ ದೇಶಗಳಿಗೆ ಒಂದೇ ಷೆಂಗೆನ್ ವೀಸಾ ಸಾಕು. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್‌ನಲ್ಲೂ ಇದೆ, ಯೂರೋ ಕೂಡ ಅಂದಿನಿಂದಲೇ. ಬೇರೆ ವೀಸಾ, ಅಲ್ಲಿಯ ಹಿಂದಿನ ಕುನಾ ನೋಟು ಅಂತ ಹೇಳುವ ಹಳೇ ಸಲಹೆಗಳನ್ನು ಬಿಟ್ಟುಬಿಡಿ. ಬ್ರಿಟನ್ನಿನ ವೀಸಾ ಇಲ್ಲಿ ನಡೆಯುವುದಿಲ್ಲ, ಅಲ್ಲಿರುವ ಭಾರತೀಯ ಪಾಸ್‌ಪೋರ್ಟಿನವರಿಗೂ ಷೆಂಗೆನ್ ವೀಸಾ ಬೇಕೇ ಬೇಕು. ಕ್ಯಾಂಪಿಂಗ್ ಆಫೀಸಿನಲ್ಲಿ ಪ್ರತಿಯೊಬ್ಬರ ಪಾಸ್‌ಪೋರ್ಟ್ ನೋಂದಾಯಿಸುತ್ತಾರೆ, ಮಕ್ಕಳದ್ದೂ ಸೇರಿ. ಮೂಲ ಪ್ರತಿ ಕೈಯಲ್ಲಿರಲಿ.

ಬೀಚಿನಲ್ಲೇ ಸುಮ್ನೆ ಟೆಂಟ್ ಹಾಕಿಬಿಡೋಣ ಅನ್ನುವ ಆಸೆ ಬೇಡ. ಈ ತೀರಗಳಲ್ಲಿ ಅದಕ್ಕೆ ದಂಡ ಇದೆ, ಕ್ರೊಯೇಷಿಯಾದಲ್ಲಿ ಜೋರಾಗಿಯೇ ಇದೆ. ಕಾರಣ ಬೆಂಕಿಯೂ ಹೌದು. 2023ರ ಆಗಸ್ಟ್‌ನಲ್ಲಿ ಆರ್ಜಲೆಸ್ ಪಕ್ಕದಲ್ಲಿ ಕಾಡ್ಗಿಚ್ಚು ಹತ್ತಿ ಸಾವಿರಾರು ಜನರನ್ನು ಕ್ಯಾಂಪಿಂಗ್‌ಗಳಿಂದ ಖಾಲಿ ಮಾಡಿಸಬೇಕಾಯಿತು. ಬಂದ ಮೊದಲ ಸಂಜೆಯೇ ಹೊರಗೆ ಹೋಗುವ ದಾರಿ ಎಲ್ಲಿದೆ ಅಂತ ಮಕ್ಕಳ ಜೊತೆ ಒಮ್ಮೆ ನಡೆದು ನೋಡಿ. ಪಾಸ್‌ಪೋರ್ಟ್, ಮಾತ್ರೆ, ಕಾರಿನ ಕೀ ಒಂದೇ ಚೀಲದಲ್ಲಿಡಿ. ತುರ್ತು ಸಂಖ್ಯೆ ಎಲ್ಲ ಕಡೆ 112.

ಫ್ರಾನ್ಸಿಗೆ ಹೋಗುವವರಿಗೆ ಒಂದು ವಿಶೇಷ ಎಚ್ಚರಿಕೆ. ಅಲ್ಲಿಯ ಈಜುಕೊಳಗಳಲ್ಲಿ ಗಂಡಸರು ಸಡಿಲ ಚಡ್ಡಿ ಹಾಕಿಕೊಂಡು ಇಳಿಯುವಂತಿಲ್ಲ, ಮೈಗೆ ಅಂಟುವ ಈಜು ಚಡ್ಡಿಯೇ ಬೇಕು. ಹೆಂಗಸರು ಟೀ ಶರ್ಟ್, ಲೆಗಿಂಗ್ಸ್‌ನಲ್ಲಿ ಇಳಿದರೂ ಬಹಳ ಕಡೆ ಹೊರಗೆ ಕಳಿಸುತ್ತಾರೆ. ಸಮುದ್ರದಲ್ಲಿ ಈ ಕಟ್ಟುಪಾಡು ಇಲ್ಲ. ಅಮ್ಮ, ಅತ್ತೆ ನೀರಿಗಿಳಿಯುವ ಮನಸ್ಸು ಮಾಡಿದ್ದರೆ ಈಜುಕೊಳಕ್ಕಿಂತ ಬೀಚಿಗೆ ಹತ್ತಿರದ ಕ್ಯಾಂಪಿಂಗ್ ಆರಿಸಿ. ಶೌಚಾಲಯದಲ್ಲಿ ನೀರಿನ ಪೈಪ್ ಸಾಮಾನ್ಯವಾಗಿ ಇರುವುದಿಲ್ಲ, ಒಂದು ಮಗ್ ಜೊತೆಗಿರಲಿ.

ಹಣ ಕಟ್ಟುವ ಮುಂಚೆ ಕ್ಯಾಂಪಿಂಗ್‌ನವರಿಗೆ ಒಂದು ಮೇಲ್ ಬರೆಯಿರಿ. ನಮಗೆ ಕೊಡುವ ಜಾಗದಲ್ಲಿ ಮಧ್ಯಾಹ್ನ ನೆರಳಿದೆಯಾ, ನೆಲ ಮರಳಾ ಕಲ್ಲಾ, ಕರೆಂಟ್ ಎಷ್ಟು ಆಂಪ್ಸ್, ಸಮುದ್ರಕ್ಕೆ ನಡೆದು ಎಷ್ಟು ನಿಮಿಷ, ನಡುವೆ ದೊಡ್ಡ ರಸ್ತೆ ದಾಟಬೇಕಾ ಅಂತ ಕೇಳಿ. ನಾಲ್ಕು ಸಾಲಿನ ನೇರ ಉತ್ತರ ಬಂದರೆ ಬುಕ್ ಮಾಡಿ. ಬರೀ ಬ್ರೋಷರ್ ಕಳಿಸಿದರೆ ಪಕ್ಕದ ಕ್ಯಾಂಪಿಂಗ್‌ಗೆ ಬರೆಯಿರಿ.